ಸುಟ್ಟ ಟ್ಯಾಂಕಿನ ಅಂಬಾದಾಸಕಾಕಾ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ ಅಂಬಾದಾಸಕಾಕಾ ಕೂಡ್ರುತ್ತಿದ್ದದ್ದು ಒಂದೇ ಸೀಟಿನಲ್ಲಿ. ಕಿಟಕಿಯ ಮೇಲೆ ಕೆಂಪು ಅಕ್ಷರದಲ್ಲಿ ‘ಸಂಕಟಕಾಳೀ ಬಾಹೇರ ಪಡಣ್ಯಾಚಾ ಮಾರ್ಗ’ ಎಂದು ಬರೆದಿರುತ್ತದಲ್ಲ, ಸಂಕಟ ಬಂದಾಗ ಹೊರಬೀಳುವ ದಾರಿ, ಅದರ ಕೆಳಗೆ. ಆ ಸೀಟು ಸಿಗದಿದ್ದರೆ ಬಸ್ಸನ್ನೇ ಬಿಟ್ಟುಬಿಡುತ್ತಿದ್ದರು. ಸಿಕ್ಕರೂ ಸುಮ್ಮನೆ ಕೂಡ್ರುವ ಆಸಾಮಿಯಲ್ಲ. ಹಿಡಿಕೆಯನ್ನು ಒಮ್ಮೆ ಜಗ್ಗಿ ನೋಡಬೇಕು, ಅದು ಬಿಗಿದುಕೊಂಡಿದ್ದರೆ ಕಂಡಕ್ಟರನನ್ನು ಕರೆದು ತೋರಿಸಬೇಕು, ಅವನು ‘ಹೋಯ್ ಹೋಯ್’ ಎಂದು ತಲೆಯಾಡಿಸಿ ಹೋದ ಮೇಲೂ ಇನ್ನೊಮ್ಮೆ ಜಗ್ಗಬೇಕು. ಇಡೀ ಬಸ್ಸು ನಗುತ್ತಿತ್ತು. ಪಕ್ಕದಲ್ಲೇ ಕೂತ ನಾನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ.

ನಾನು ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯಲ್ಲಿ ಕಲಿಸುವವಳು. ಅವರು ಅದೇ ಊರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸೊಲ್ಲಾಪುರದಲ್ಲಿ ನಮ್ಮದು ಒಂದೇ ವಾಡೆ, ಎರಡು ಮನೆಗಳ ನಡುವೆ ಒಂದೇ ಗೋಡೆ. ಹೀಗಾಗಿ ಅವರ ಅಂಜಿಕೆಗಳೆಲ್ಲ ನನಗೆ ಮಗ್ಗಿಯಷ್ಟು ಬಾಯಿಪಾಠ. ಗ್ಯಾಸಿನ ಸಿಲಿಂಡರಿಗೆ ಅಂಜುತ್ತಿದ್ದರು, ಲಿಫ್ಟಿಗೆ ಅಂಜುತ್ತಿದ್ದರು, ಗುಡುಗಿಗೆ, ಬೀದಿನಾಯಿಗೆ, ತೆರೆದ ಬಾವಿಗೆ, ಮೇಲಧಿಕಾರಿಗೆ, ಮೇಲಧಿಕಾರಿಯ ಡ್ರೈವರನಿಗೂ. ಮನೆಯಲ್ಲಿ ಅಲುಗಾಡುವ ಸಾಮಾನು ಒಂದೂ ಇರಬಾರದು. ಫೋಟೊಗೆ ಎರಡು ಮೊಳೆ, ಗಡಿಯಾರಕ್ಕೆ ತಂತಿ, ಕುರ್ಚಿಯ ಕಾಲಿಗೆ ಫೆವಿಕಾಲು. ಯಾರಾದರೂ ಚೇಷ್ಟೆ ಮಾಡಿದರೆ ಮುಖ ಸಣ್ಣದು ಮಾಡಿಕೊಳ್ಳದೆ ಒಂದೇ ಮಾತು ಹೇಳುತ್ತಿದ್ದರು: “ನೀವು ಅಂಜೂದಿಲ್ಲಲಾ, ನಿಮ್ಮ ಪಾಲಿಂದೂ ನಾನ ಅಂಜತೀನಿ.”

ಅವರ ಅಂಜಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಹೆಂಡತಿ ಸುಮನಕಾಕುಗೆ ಮೊದಲು ಹುಟ್ಟಿದ ಎರಡೂ ಕೂಸು ಉಳಿಯಲಿಲ್ಲ. ಮೂರನೆಯದು ಹುಟ್ಟಿದಾಗ ನಮ್ಮ ಕಡೆ ಮಾಡುವ ಹಾಗೆ ಅದನ್ನು ಮೊರದಲ್ಲಿ ಹಾಕಿ ಕಸದ ಗುಂಡಿಯ ಅಂಚಿನಲ್ಲಿ ಇಟ್ಟರು, ನನ್ನ ಅವ್ವ ಹೋಗಿ ಒಂದು ಹಿಡಿ ಜೋಳ ಕೊಟ್ಟು ‘ಕೊಂಡು’ ತಂದಳು, ಆಮೇಲೆ ಕಾಕು ನಮ್ಮ ಬಾಗಿಲಿಗೆ ಬಂದು ಸೆರಗೊಡ್ಡಿ ಬೇಡಿ ಒಯ್ದಳು. ಹೆಸರೂ ದಗಡು ಎಂದೇ ಇಟ್ಟರು. ದಗಡು ಅಂದರೆ ಮರಾಠಿಯಲ್ಲಿ ಕಲ್ಲು. ಸಾವು ಬಂದು ನೋಡಿದರೆ, ಇದು ಕಸ, ಇದು ಕಲ್ಲು, ಇದರಲ್ಲಿ ಒಯ್ಯುವಂಥದು ಏನೂ ಇಲ್ಲ ಎಂದು ತಿರುಗಿ ಹೋಗಬೇಕು. ಲೆಕ್ಕದ ಪ್ರಕಾರ ದಗಡು ನಮ್ಮ ಮನೆಯ ಹುಡುಗ, ಅವರಿಗೆ ಕೊಟ್ಟದ್ದು ಭಿಕ್ಷೆ. ಈ ಮಾತು ಹೇಳಿ ನಾನು ಅವನನ್ನು ಎಷ್ಟು ಸಲ ದುಡಿಸಿಕೊಂಡಿದ್ದೇನೋ ದೇವರಿಗೇ ಗೊತ್ತು.

ಅಂಥ ಅಪ್ಪನಿಗೆ ಅಂಥ ಮಗ. ಬೇವಿನ ಮರದ ತುದಿ, ಕೆರೆಯ ನಡುವು, ಓಡುವ ಟ್ರ್ಯಾಕ್ಟರಿನ ಹಿಂಬದಿ, ದಗಡು ಇರುತ್ತಿದ್ದದ್ದೇ ಅಂಥಲ್ಲಿ. ಕಾಕಾ ಕೆಳಗೆ ನಿಂತು ಎರಡೂ ಕೈ ಚಾಚಿ, ಬಿದ್ದರೆ ಹಿಡಿಯಲು ತಯಾರಾಗಿರುತ್ತಿದ್ದರು. ಹುಡುಗ ಪದವಿ ಓದುವುದನ್ನು ನಡುವೆ ಬಿಟ್ಟು ಸೈನ್ಯ ಸೇರಿದ. ಸೇರಿದ್ದೂ ಎಲ್ಲಿ, ಯುದ್ಧದ ಟ್ಯಾಂಕು ನಡೆಸುವ ಕೆಲಸಕ್ಕೆ. ಹೊರಡುವ ದಿನ ಕಾಕಾ ಚೀಲದಲ್ಲಿ ಬ್ಯಾಂಡೇಜು, ಸುಟ್ಟಗಾಯಕ್ಕೆ ಹಚ್ಚುವ ಬರ್ನಾಲು, ಸೀಟಿ ಎಲ್ಲ ತುಂಬುತ್ತಿದ್ದರು. ದಗಡು ಅವನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟು ಹೇಳಿದ: “ಬಾಬಾ, ನಿಮ್ಮ ಅಂಜಿಕಿಯೊಳಗ ನನಗ ಉಸರ ಕಟ್ಟತದ. ಅದಕ್ಕ ಹೊಂಟೀನಿ.” ಕಾಕಾ ಬರ್ನಾಲು ಮಾತ್ರ ಮತ್ತೆ ಚೀಲದ ಒಳಜೇಬಿಗೆ ಸೇರಿಸಿದರು.

ಅದಾದ ಮೇಲೆ ಅವರಿಗೆ ಮಾದರಿ ಮಾಡುವ ಹುಚ್ಚು ಹಿಡಿಯಿತು. ದಗಡು ಚಿಕ್ಕವನಿದ್ದಾಗ ಯಾರೋ ಕೊಟ್ಟ ಪ್ಲಾಸ್ಟಿಕ್ ಟ್ಯಾಂಕಿನ ಬಿಡಿಭಾಗಗಳ ಪೆಟ್ಟಿಗೆ ಅಟ್ಟದ ಮೇಲೆ ಅರ್ಧಂಬರ್ಧ ಬಿದ್ದಿತ್ತು. ಕಾಕಾ ಅದನ್ನು ಇಳಿಸಿ, ಕಿಟಕಿಯ ಬುಡದಲ್ಲಿ ಪೇಪರು ಹಾಸಿ, ಕಚೇರಿಯಿಂದ ಬಂದೊಡನೆ ಬೆಳಕಿರುವಷ್ಟು ಹೊತ್ತು ಕೂಡ್ರತೊಡಗಿದರು. ಎರಡು ಅಂಗೈ ಅಗಲದ ಟ್ಯಾಂಕು. ಪಾಪ, ಮಗನ ನೆನಪಿಗೆ ಮಾಡುತ್ತಾರೆ, ಹಸಿರು ಬಣ್ಣ ಬಳಿದು ಕಪಾಟಿನಲ್ಲಿ ಇಡುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಶಾಲೆಯಿಂದ ಸೀಮೆಸುಣ್ಣದ ಪುಡಿ ತಂದುಕೊಡು ಎಂದರು. ಇನ್ನೊಂದು ದಿನ ನನ್ನ ತಂಗಿಯ ಮದುವೆಗೆ ತಂದಿದ್ದ ಕೂದಲಿನ ಸ್ಪ್ರೇ ಕೇಳಿದರು. ಬೋಳು ತಲೆಯವರು ಸ್ಪ್ರೇ ಕೇಳಿದರೆ ಯಾರಿಗೆ ಕುತೂಹಲವಾಗುವುದಿಲ್ಲ? ನೋಡಲು ಹೋದೆ.

ಅಲ್ಲಿ ಇದ್ದದ್ದು ಸುಟ್ಟುಹೋದ ಟ್ಯಾಂಕು. ಮೊದಲು ಮೈಗೆಲ್ಲ ತುಕ್ಕಿನ ಬಣ್ಣ ಬಳಿದು, ಅದರ ಮೇಲೆ ಸ್ಪ್ರೇ ಹೊಡೆದು, ಮೇಲೊಂದು ಹಸಿರಿನ ತೆಳುಪದರು ಕೊಟ್ಟು, ಒದ್ದೆ ಕುಂಚದಿಂದ ತಿಕ್ಕಿದ್ದರು. ಹಸಿರು ಸುಲಿದು ಸುಲಿದು ಕೆಳಗಿನ ತುಕ್ಕು ಹೊರಬಂದಿತ್ತು. ಪಾತ್ರೆ ತಿಕ್ಕುವ ಕಬ್ಬಿಣದ ನಾರನ್ನು ಹುಣಸೆನೀರಿನಲ್ಲಿ ಕೊಳೆಹಾಕಿ ಒಣಗಿಸಿ ಮಾಡಿದ ಕಿತ್ತಳೆ ಪುಡಿ ಅಲ್ಲಲ್ಲಿ ಕೂತಿತ್ತು. ಬೆಂಕಿ ಹೆಚ್ಚು ಉರಿದಲ್ಲಿ ಬಿಳಿಬೂದಿ, ಅದು ನನ್ನ ಸೀಮೆಸುಣ್ಣ. ಗಾಲಿಗಳ ರಬ್ಬರು ಕೆರೆದು ತೆಗೆದಿದ್ದರಿಂದ ಇಡೀ ಗಾಡಿ ಹೊಟ್ಟೆಯ ಮೇಲೆ ಕುಸಿದು ಕೂತಿತ್ತು. ಮೇಲೆ ತೆರೆದಿದ್ದ ಎರಡು ಬಾಗಿಲುಗಳ ಸುತ್ತ ಮಸಿ, ಬೆರಳಿನಿಂದ ಮೇಲ್ಮುಖವಾಗಿ ಸವರಿದ ಮಸಿ. ದೇವರ ದೀಪದ ಮೇಲೆ ಕಾಕು ಹಿಡಿದ ತಟ್ಟೆಯಿಂದ ಕೆರೆದದ್ದಂತೆ. ಕಾಡಿಗೆಗೆ ಬೇಕಾಗಿದೆ ಎಂದು ಹೇಳಿ ಮಾಡಿಸಿಕೊಂಡಿದ್ದರು, ಘಾತಕ ಮುದುಕ.

“ಬೆಂಕಿ ಎಲ್ಲಿಂದ ಹೊರಗ ಬಂತು ಅನ್ನೂದು ಮಸೀನ ಹೇಳತದ ನೋಡು,” ಎಂದರು, ಮಕ್ಕಳಿಗೆ ಪಾಠ ಹೇಳುವವರಂತೆ. ಟ್ಯಾಂಕಿನ ಪಕ್ಕೆಯಲ್ಲಿ ಅರ್ಧ ಸುಟ್ಟ ಒಂದು ನಂಬರಿತ್ತು. ಯಾವುದಿದು ಎಂದು ಕೇಳಿದೆ. ಅವರು ಗೋಡೆಯ ಫೋಟೊ ತೋರಿಸಿದರು. ಅದರಲ್ಲಿ ದಗಡು ತನ್ನ ಟ್ಯಾಂಕಿಗೆ ಒರಗಿ ನಗುತ್ತ ನಿಂತಿದ್ದ, ಅವನ ಭುಜದ ಪಕ್ಕದಲ್ಲಿ ಅದೇ ನಂಬರು. ಕಾಕಾ, ನಿಮಗೆ ತಲೆ ನೆಟ್ಟಗಿದೆಯೇ ಎಂದು ಗದರಿಯೇಬಿಟ್ಟೆ.

ಅವರು ಕುಂಚ ಕೆಳಗಿಟ್ಟು ಹೇಳಿದರು: “ಸುಟ್ಟದ್ದು ಮತ್ತ ಸುಡೂದಿಲ್ಲ, ನಳೂ. ಯಮಾ ಬಂದ ನೋಡತಾನ. ಈ ನಂಬರಿಂದು ಆಗಲೇ ಮುಗದದ, ಇಲ್ಲಿ ನನ್ನ ಕೆಲಸ ಇಲ್ಲ ಅಂತ ಮುಂದ ಹೋಗತಾನ. ದಗಡೂ ಅಂತ ಹೆಸರ ಇಟ್ಟಾಗ ಹೋಗಿದ್ದಿಲ್ಲೇನು?”

ಆರನೆಯ ಇಯತ್ತೆಯ ಮಕ್ಕಳಿಗೆ ವಿಜ್ಞಾನ ಕಲಿಸುವವಳು ನಾನು. ಆದರೂ ಮನೆಗೆ ಬಂದು ಅವ್ವನ ಫೋಟೊದ ಮುಂದೆ ಸುಮ್ಮನೆ ನಿಂತೆ. ಹಿಡಿ ಜೋಳ ಕೊಟ್ಟು ಕೊಂಡವಳು ಅವಳೇ ತಾನೆ.

ಸುಮನಕಾಕುಗೆ ವಿಷಯ ತಿಳಿದದ್ದು ಫೋಟೊ ಒರೆಸುವಾಗ. ನಂಬರು ನೋಡಿದಳು, ತಿರುಗಿ ಕಿಟಕಿಯ ಕಡೆ ನೋಡಿದಳು, ಒರೆಸುವ ಬಟ್ಟೆ ಅಲ್ಲೇ ಬಿಟ್ಟು ನಮ್ಮ ಮನೆಗೆ ಬಂದು ಕೂತಳು. ಅವಳು ತಡವಳದ ಮಗಳು. ಅವಳ ತವರಿನಲ್ಲಿ ಗುಡಿಗೆ ಹರಕೆ ಹೊತ್ತವರು ಬೇಕಾದದ್ದರ ಸಣ್ಣ ರೂಪ ಮಾಡಿಸಿ ದೇವರ ಮುಂದೆ ಇಡುತ್ತಾರೆ. “ಕೂಸ ಬೇಕಂದ್ರ ಸಣ್ಣ ತೊಟ್ಟಲಾ ಕಟ್ಟತೀವಿ. ಕಣ್ಣ ಬೇಕಂದ್ರ ಬೆಳ್ಳಿ ಕಣ್ಣ ಇಡತೀವಿ,” ಎಂದಳು. “ಇವರು ಏನ ಮಾಡಿ ಇಟ್ಟಾರ ನೋಡು. ದೇವರ ಕಡೆ ಏನ ಕೇಳಿದಂಗಾತು ಹೇಳು.”

ಗಂಡನ ಕಡೆಯದು ಒಂದು ನಂಬಿಕೆ, ಹೆಂಡತಿಯ ಕಡೆಯದು ಇನ್ನೊಂದು. ಎರಡೂ ನಮ್ಮವೇ, ಎರಡನ್ನೂ ಕೇಳಿ ಬೆಳೆದವಳು ನಾನು. ಕಾಕಾ ಹೇಳಿದಾಗ ಅದು ಸರಿ ಅನ್ನಿಸಿತ್ತು, ಕಾಕು ಹೇಳಿದಾಗ ಮೈಮೇಲೆ ಮುಳ್ಳೆದ್ದವು. ಮಾಡಿದ್ದನ್ನು ಮುರಿಯೋಣವೆಂದರೆ ಅದು ಇನ್ನೂ ಕೆಟ್ಟದ್ದೇನೋ ಎಂಬ ಭಯ. ಉಡಿಯಲ್ಲಿ ಕೆಂಡ ಕಟ್ಟಿಕೊಂಡವರ ಹಾಗೆ ಆ ಮನೆಯವರು ದಿನ ದೂಡಿದರು. ಕಾಕು ಟ್ಯಾಂಕಿನ ಮೇಲೆ ಬುಟ್ಟಿ ಕವುಚಿಡುತ್ತಿದ್ದಳು, ಕಾಕಾ ಸಂಜೆ ಬಂದು ಬುಟ್ಟಿ ತೆಗೆಯುತ್ತಿದ್ದರು. ಇಬ್ಬರ ನಡುವೆ ಮಾತು ಕಡಿಮೆಯಾಯಿತು.

ಬೇಸಿಗೆಯಲ್ಲಿ ಗಡಿಯಲ್ಲಿ ಗದ್ದಲ ಶುರುವಾಯಿತು. ದಗಡು ಫೋನು ಮಾಡಿ, ಇನ್ನು ಸ್ವಲ್ಪ ದಿನ ಫೋನು ಹತ್ತುವುದಿಲ್ಲ, ಗಾಬರಿಯಾಗಬೇಡಿ ಎಂದ. ಕಾಕು ಎಂದೂ ಕೇಳದ್ದನ್ನು ಅಂದು ಕೇಳಿದಳು: ಏನಾದರೂ ಆದರೆ ಅದರೊಳಗಿಂದ ಹೇಗೆ ಹೊರಗೆ ಬರುತ್ತೀ? ಅವನು ನಗುತ್ತಲೇ ಹೇಳಿದ, ಎಲ್ಲರಿಗೂ ಒಂದೊಂದು ಬಾಗಿಲು ಇರುತ್ತದೆ, ನನ್ನದು ಮುಂದೆ, ತೋಪಿನ ನಳಿಗೆಯ ಕೆಳಗೆ. ನಳಿಗೆ ನೆಟ್ಟಗೆ ತಗ್ಗಿಕೊಂಡಿದ್ದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಅದಕ್ಕೇ ಮೇಲಿನ ಗುಮ್ಮಟವನ್ನು ಒಂದು ಬದಿಗೆ ತಿರುಗಿಸುತ್ತಾರೆ, ಅಷ್ಟೇ. ಫೋನು ಸ್ಪೀಕರಿನಲ್ಲಿತ್ತು. ಕಾಕಾ ಬಾಗಿಲ ಬಳಿ ನಿಂತು ಕೇಳುತ್ತಿದ್ದರು.

ಆಮೇಲೆ ಫೋನು ಬಂದ್ ಆಯಿತು. ಟಿವಿಯವರು ನಕಾಶೆಯ ಮೇಲೆ ಬಾಣ ಎಳೆದು ಎಳೆದು ಕಿರುಚುತ್ತಿದ್ದರು. ಅವರದೇನು ಹೋಗುತ್ತದೆ, ಅವರ ಮಕ್ಕಳು ಸ್ಟುಡಿಯೋದಲ್ಲೇ ಇರುತ್ತಾರೆ. ಗಲ್ಲಿಯ ಹುಡುಗರು ಪಟಾಕಿ ತಂದಿಟ್ಟುಕೊಂಡು ಕಾಯುತ್ತಿದ್ದರು, ಅವರ ಬೆನ್ನಿಗೆ ಎರಡು ಬಿಗಿಯಬೇಕು ಅನ್ನಿಸಿತು. ಬಸ್ಸಿನಲ್ಲಿ ಈಗ ಯಾರೂ ಕಾಕಾನನ್ನು ನೋಡಿ ನಗುತ್ತಿರಲಿಲ್ಲ. ಅವರು ಹಿಡಿಕೆಯನ್ನೂ ಜಗ್ಗುತ್ತಿರಲಿಲ್ಲ. ಹೊರಗೆ ಜೋಳದ ಕೂಳೆ ನಿಂತ ಕರಿಹೊಲಗಳನ್ನು ನೋಡುತ್ತ, ತುಟಿ ಅಲ್ಲಾಡಿಸುತ್ತ ಕೂಡ್ರುತ್ತಿದ್ದರು. ಏನು ಲೆಕ್ಕ ಹಾಕುತ್ತಿದ್ದರೋ ನನಗೆ ತಿಳಿಯಲಿಲ್ಲ.

ತಿಳಿದದ್ದು ಒಂದು ರವಿವಾರ ಮುಂಜಾನೆ. ಗೋಡೆಯ ಆಚೆಯಿಂದ ಕರಕರ ಕೊಯ್ಯುವ ಸದ್ದು ಬಂತು. ಹೋಗಿ ನೋಡಿದರೆ ಕಾಕಾ ಕಬ್ಬಿಣ ಕೊಯ್ಯುವ ಸಣ್ಣ ಬ್ಲೇಡು ಹಿಡಿದು ಟ್ಯಾಂಕಿನ ಕುತ್ತಿಗೆ ಕೊಯ್ಯುತ್ತಿದ್ದರು. ಅಂಥ ಮಾದರಿಗಳಲ್ಲಿ ಗುಮ್ಮಟ ತಿರುಗುವಂತೆಯೇ ಮಾಡಿರುತ್ತಾರೆ. ಆದರೆ ಅಲುಗಾಡುವ ಸಾಮಾನು ಸೇರದ ಮನುಷ್ಯ, ಬಿದ್ದೀತು ಎಂದು ಅಂಜಿ ಅದನ್ನು ಅಂಟು ಹಾಕಿ ಬಿಗಿದುಬಿಟ್ಟಿದ್ದರು, ನಳಿಗೆ ನೆಟ್ಟಗೆ ಮುಂದಕ್ಕೆ ಚಾಚಿದ ಹಾಗೆ. ಕೆಳಗೆ ಚಾಲಕನ ಬಾಗಿಲು ಮುಚ್ಚಿತ್ತು, ಅದಕ್ಕೂ ಅಂಟು.

“ನಳೂ, ನಳಿಗಿ ಅಂವನ ಬಾಗಲದ ಮ್ಯಾಲೇ ಅದ,” ಎಂದರು. “ನಾನ ಬಾಗಲಾ ಹಾಕೀನಿ. ನನ್ನ ಕೈಯಾರೆ ಹಾಕೀನಿ. ಅಂವಾ ಹೆಂಗ ಹೊರಗ ಬರಬೇಕು?”

ಕಾಕಾ, ಅದು ಪ್ಲಾಸ್ಟಿಕ್ ಎಂದು ಹೇಳಲು ಬಾಯಿ ತೆರೆದೆ. ಬಂದ ಮಾತು ಬೇರೆ. ಸಾವಕಾಶ ಕೊಯ್ಯಿರಿ, ಒಡೆದೀತು ಎಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ಅದು ಪ್ಲಾಸ್ಟಿಕ್ ಆಗಿ ಉಳಿದಿರಲಿಲ್ಲ. ಬ್ಲೇಡು ಜಾರಿ ಅವರ ಹೆಬ್ಬೆರಳಿಗೆ ತಾಗಿತು. ಕೈ ಎಷ್ಟು ನಡುಗುತ್ತಿತ್ತೆಂದರೆ ಇನ್ನೆರಡು ಸಲ ಎಳೆದಿದ್ದರೆ ನಳಿಗೆಯೇ ಮುರಿಯುತ್ತಿತ್ತು. ನಾನು ಹಿಡಿಯಲು ಹೋದರೆ ನನ್ನ ಕೈಯೂ ಅದೇ ಹಾಡು.

ಕಾಕು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಜೋಳದ ಭಕ್ರಿಯ ಹಿಟ್ಟು. ಆ ಟ್ಯಾಂಕನ್ನು ಅವಳು ಅಲ್ಲಿಯವರೆಗೆ ಬೆರಳಿನಿಂದ ಮುಟ್ಟಿರಲಿಲ್ಲ. ಬುಟ್ಟಿ ಕವುಚುವಾಗಲೂ ಮುಖ ಆಚೆ ತಿರುಗಿಸುತ್ತಿದ್ದಳು. ಈಗ ಬಂದಳು, ನೆಲಕ್ಕೆ ಕೂತಳು, ಟ್ಯಾಂಕನ್ನು ಎತ್ತಿ ಸೆರಗು ಹಾಸಿದ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು.

“ನಾ ಹಿಡೀತೀನಿ. ನೀವು ಕೊಯ್ರಿ,” ಎಂದಳು. “ಹುಡುಗ ಒಳಗ ಅದಾನ.”

ಕಾಕಾ ಕೊಯ್ದರು. ಮಸಿ, ತುಕ್ಕು, ಸೀಮೆಸುಣ್ಣ ಎಲ್ಲ ಅವಳ ಸೀರೆಯ ಮೇಲೆ ಉದುರಿತು. ಕೊನೆಗೆ ಚಟ್ ಎಂದು ಸದ್ದಾಯಿತು. ಮೂವರೂ ಬೆಚ್ಚಿದೆವು. ಗುಮ್ಮಟ ಮುರಿದಿರಲಿಲ್ಲ, ಬಿಡಿಸಿಕೊಂಡಿತ್ತು. ಕಾಕಾ ಅದನ್ನು ಮೆಲ್ಲಗೆ ಬದಿಗೆ ತಿರುಗಿಸಿದರು. ಇನ್ನು ಉಳಿದದ್ದು ಚಾಲಕನ ಬಾಗಿಲು. ಕಾಕು ಕೌದಿ ಹೊಲಿಯುವ ದಬ್ಬಣ ತರಿಸಿ, ಯಾರ ಕೈಗೂ ಕೊಡದೆ ತಾನೇ ಅಂಚಿನಲ್ಲಿ ಊರಿ ಎಬ್ಬಿಸಿದಳು. ಬಾಗಿಲು ಸಿಡಿದು ಎಲ್ಲೋ ಹಾರಿತು. ತೊಗರಿಬೇಳೆಯಷ್ಟಿದ್ದ ಆ ಬಾಗಿಲಿಗಾಗಿ ಮೂವರು ದೊಡ್ಡ ಮನುಷ್ಯರು ನೆಲದ ಮೇಲೆ ಮೊಣಕಾಲೂರಿ ಹುಡುಕಿದೆವು. ಕಪಾಟಿನ ಕೆಳಗೆ, ಚಾಪೆಯ ಸಂದಿಯಲ್ಲಿ, ಎಲ್ಲಿಯೂ ಇಲ್ಲ. ಕಾಕಾ ಅಳುವುದಕ್ಕೇ ಶುರುಮಾಡಿದರು. ಅದು ಕಾಕುವಿನ ಸೀರೆಯ ನೆರಿಗೆಯಲ್ಲೇ ಕೂತಿತ್ತು. ಅದನ್ನು ತೆರೆದ ಸ್ಥಿತಿಯಲ್ಲಿ ಅಂಟಿಸಿ ಒಣಗುವ ತನಕ ಕಾಕು ಟ್ಯಾಂಕನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಅದೇ ಹೊತ್ತಿಗೆ ಫೋನು ಬಂತು ಎಂದು ಬರೆದರೆ ಚೆಂದ. ಬರಲಿಲ್ಲ. ಆಮೇಲೆಯೂ ಎಷ್ಟೋ ದಿನ ಬರಲಿಲ್ಲ. ಕಾಕಾ ಊಟ ಬಿಟ್ಟರು, ಬಿಟ್ಟದ್ದು ಹೆಂಡತಿಗೆ ಗೊತ್ತಾಗದಂತೆ ಡಬ್ಬಿಯನ್ನು ಬಸ್‌ಸ್ಟ್ಯಾಂಡಿನ ನಾಯಿಗೆ ಸುರಿಯುತ್ತಿದ್ದರು. ಅದೇ ನಾಯಿಗೆ ಅವರು ಹಿಂದೆಲ್ಲ ಅಂಜಿ ರಸ್ತೆ ದಾಟುತ್ತಿದ್ದರು. ಬೀದಿಯಲ್ಲಿ ಮಿಲಿಟರಿ ಬಣ್ಣದ ಜೀಪು ಕಂಡರೆ ಕಾಕು ಬಾಗಿಲ ಚಿಲಕ ಹಾಕಿಕೊಳ್ಳುತ್ತಿದ್ದಳು, ಸುದ್ದಿ ತರುವವರಿಗೆ ಮನೆ ಸಿಗದಿರಲಿ ಎಂದು. ನಾನೂ ತರಗತಿಯಲ್ಲಿ ಕರಿಹಲಗೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡಿದ್ದೇನೆ. ಕೊನೆಗೊಂದು ಮಧ್ಯಾಹ್ನ ಫೋನು ಬಂತು. ದಗಡು ಬದುಕಿದ್ದ, ಮೈಗೆ ಏನೂ ಆಗಿರಲಿಲ್ಲ. ಕಾಕು ಒಂದು ಮಾತು ಆಡಿ ಫೋನನ್ನು ನನ್ನ ಕೈಗೆ ತುರುಕಿದಳು. ಕಾಕಾ ಫೋನಿನ ಹತ್ತಿರವೇ ಬರಲಿಲ್ಲ. ಅಂಗಳದಲ್ಲಿ ಗೋಡೆ ಹಿಡಿದು ನಿಂತು, ದನಿ ಅವನದೇ ಹೌದೋ ಅಲ್ಲೋ ನೀನೇ ಕೇಳು ಎಂದು ನನಗೆ ಸನ್ನೆ ಮಾಡಿದರು.

ಯಾರ ನಂಬಿಕೆ ಗೆದ್ದಿತು ಎಂದು ಆಮೇಲೆ ಆ ಮನೆಯಲ್ಲಿ ಚರ್ಚೆಯಾಗಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಕಾಕಾ ಈಗ ಇಲ್ಲ. ಚಳಿಗಾಲದ ಒಂದು ಮುಂಜಾನೆ ಹಾಸಿಗೆಯಲ್ಲೇ ಎದೆ ನಿಂತು ಹೋದರು. ಅಷ್ಟೆಲ್ಲ ಅಂಜಿದ ಮನುಷ್ಯ ತನ್ನ ಎದೆಗೆ ಮಾತ್ರ ಅಂಜಿರಲಿಲ್ಲ. ನನ್ನ ಕಣ್ಣಲ್ಲಿ ಉಳಿದಿರುವವರು ಮಾತ್ರ ಅದಕ್ಕೂ ಮೊದಲಿನ ಕಾಕಾ, ದಗಡು ದೀಪಾವಳಿಯ ರಜೆಗೆ ಬಂದ ದಿನದವರು.

ಅಂದು ಅವರು ಟ್ಯಾಂಕಿನ ಮೇಲೆ ತಾವೇ ಬುಟ್ಟಿ ಕವುಚಿಟ್ಟಿದ್ದರು. ಹುಡುಗ ನೋಡಿದರೆ ಏನು ತಿಳಿದುಕೊಂಡಾನೋ ಎಂಬ ಅಂಜಿಕೆ. ಅಪ್ಪನ ಭಯ ಸಾಕಾಗಿ ಮನೆ ಬಿಟ್ಟವನು, ತನ್ನದೇ ನಂಬರಿನ ಸುಟ್ಟ ಟ್ಯಾಂಕನ್ನು ಅಪ್ಪನೇ ಮಾಡಿಟ್ಟದ್ದು ಕಂಡರೆ ಮತ್ತೆ ಈ ಹೊಸ್ತಿಲು ತುಳಿದಾನೆಯೇ? ದಗಡು ಸ್ನಾನ ಮಾಡಿ ಬಂದವನು ತಲೆ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಹೋಗಿ, ಇದೇನು ಎಂದು ಬುಟ್ಟಿ ಎತ್ತಿಯೇಬಿಟ್ಟ. ಕಾಕಾ ಎದ್ದು ನಿಂತರು. ಕಾಕು ಒಲೆಯ ಮುಂದೆ ಹಾಗೇ ಕಲ್ಲಾದಳು. ನಾನು ತಂದಿದ್ದ ಹಬ್ಬದ ತಿಂಡಿಯ ಫರಾಳದ ತಾಟು ಕೈಯಲ್ಲೇ ಉಳಿಯಿತು.

ದಗಡು ನಂಬರು ಓದಿದ. ಗೋಡೆಯ ಫೋಟೊ ನೋಡಿದ. ಟ್ಯಾಂಕನ್ನು ಬೆಳಕಿಗೆ ಹಿಡಿದು, ಕುಸಿದ ಗಾಲಿ, ಬಿಳಿಬೂದಿ, ಮಸಿ, ಎಲ್ಲದರ ಮೇಲೂ ಉಗುರು ಆಡಿಸಿದ. ಬದಿಗೆ ತಿರುಗಿದ ನಳಿಗೆಯನ್ನೂ ಕುತ್ತಿಗೆಯ ಸುತ್ತಲಿನ ಗರಗಸದ ಗೆರೆಯನ್ನೂ ಬಹಳ ಹೊತ್ತು ನೋಡಿದ. ಅವನ ದವಡೆ ಬಿಗಿಯುತ್ತಿತ್ತು. ಈಗ ನೆಲಕ್ಕೆ ಒಗೆಯುತ್ತಾನೆ ಅಂದುಕೊಂಡೆ.

“ಒಳಗ ಕುಂತಾಗ ನನಗೂ ಭಾಳ ಅಂಜಿಕಿ ಆಗಿತ್ತು, ಬಾಬಾ,” ಎಂದ, ಮೇಲೆ ನೋಡದೆ.

ದಗಡು ಒಂದೊಂದೇ ಬಾಗಿಲನ್ನು ಬೆರಳಿನಿಂದ ಮುಟ್ಟಿದ, ಮೇಲಿನ ಎರಡು, ಮುಂದಿನದೊಂದು. ಮೂರೂ ತೆರೆದಾವಲ್ಲ, ಇದರೊಳಗಿನ ಮಂದಿ ಎಲ್ಲಿ ಎಂದು ಕೇಳಿದ. ಚೇಷ್ಟೆಗೆ ಕೇಳಿದಂತಿರಲಿಲ್ಲ.

“ಮನೀಗೆ ಹೋಗ್ಯಾರಪಾ,” ಎಂದರು ಕಾಕಾ. “ಅವರವ್ವ ಊಟಕ್ಕ ಕಾಯಾಕತ್ತಾಳ.”